ಪ್ರೌಢಶಾಲೆಯ ಭೂಗೋಳ ಪಾಠಕ್ಕೆ ಯಾವ ವರ್ಚುವಲ್ ಕ್ಷೇತ್ರ ಭೇಟಿ? ಒಂದು ಹೋಲಿಕೆ

ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸಗಳು ಹೆಚ್ಚಾಗಿ ಡಿಸೆಂಬರ್, ಜನವರಿ ತಿಂಗಳಲ್ಲಿ ನಡೆಯುತ್ತವೆ. ಆ ದಿನಗಳಲ್ಲಿ ಜೋಗಕ್ಕೆ ಹೋದ ಮಕ್ಕಳು 253 ಮೀಟರ್ ಎತ್ತರದ ಬಂಡೆಯ ಗೋಡೆಯನ್ನೂ ಅದರ ಮೇಲಿಂದ ಇಳಿಯುವ ನೀರಿನ ತೆಳ್ಳನೆಯ ಎಳೆಗಳನ್ನೂ ಕಂಡು ಬರುತ್ತಾರೆ, ಏಕೆಂದರೆ 1964ರಿಂದ ಶರಾವತಿಯ ನೀರನ್ನು ಮೇಲ್ಭಾಗದಲ್ಲಿ ಲಿಂಗನಮಕ್ಕಿ ಜಲಾಶಯ ಹಿಡಿದಿಟ್ಟುಕೊಳ್ಳುತ್ತದೆ. ಭೋರ್ಗರೆಯುವ ಜೋಗವನ್ನು ನೋಡಬೇಕಾದರೆ ಜುಲೈ, ಆಗಸ್ಟ್‌ನ ಮಳೆಗಾಲದಲ್ಲೇ ಹೋಗಬೇಕು. ಆದರೆ ಆ ಮಳೆಯಲ್ಲಿ ಐವತ್ತು ಮಕ್ಕಳನ್ನು ಘಟ್ಟದ ರಸ್ತೆಗಳಲ್ಲಿ ಕರೆದೊಯ್ಯಲು ಯಾವ ಮುಖ್ಯೋಪಾಧ್ಯಾಯರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಇಂಥ ಕಡೆ ವರ್ಚುವಲ್ ಕ್ಷೇತ್ರ ಭೇಟಿ, ಅಂದರೆ ತರಗತಿಯಲ್ಲಿ ಕುಳಿತೇ ಪರದೆಯ ಮೂಲಕ ಒಂದು ಸ್ಥಳವನ್ನು ಅಧ್ಯಯನ ಮಾಡುವ ಕ್ರಮ, ನಿಜವಾಗಿ ನೆರವಿಗೆ ಬರುತ್ತದೆ. ಆದರೆ ಉಪಗ್ರಹ ಚಿತ್ರಗಳನ್ನು ಜೋಡಿಸಿ ಇಡೀ ಭೂಮಿಯನ್ನು ತೋರಿಸುವ ಗೂಗಲ್ ಅರ್ಥ್ ತಂತ್ರಾಂಶದಲ್ಲಿ ಜೋಗವನ್ನು ತೆರೆದರೆ ಕಾಣಸಿಗುವುದೂ ಸಾಮಾನ್ಯವಾಗಿ ಒಣಗಿದ ಜೋಗವೇ. ಮೋಡವಿಲ್ಲದ ದಿನದ ಚಿತ್ರಗಳನ್ನೇ ಆರಿಸಿ ಜೋಡಿಸುವುದರಿಂದ ಮಳೆಗಾಲ ಅದರೊಳಗೆ ಬರುವುದೇ ಇಲ್ಲ. ಮಳೆಗಾಲದಲ್ಲಿ ಚಿತ್ರೀಕರಿಸಿದ ಒಂದು ವಿಡಿಯೊದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲುಗಳು ಬಿಳಿಯ ಪರದೆಯಾಗಿ ಇಳಿಯುತ್ತವೆಯಾದರೂ, ಆ ನೀರು ಎಲ್ಲಿಂದ ಬಂದಿತು, ಬಂಡೆಯ ಅಂಚು ಏಕೆ ಅಲ್ಲೇ ಇದೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ.

ಈ ಒಂದು ಉದಾಹರಣೆಯಿಂದಲೇ ನನ್ನ ಮುಖ್ಯ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಯಾವ ಸಾಧನ ಉತ್ತಮ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಯಾವ ಭೌಗೋಳಿಕ ಪ್ರಶ್ನೆಗೆ ಯಾವ ಸಾಧನ ಎಂಬುದಕ್ಕೆ ಮಾತ್ರ ಉತ್ತರವಿದೆ. ಆಯ್ಕೆಗೆ ಮುನ್ನ ಶಿಕ್ಷಕರು ಆ ಅವಧಿಯ ಪಾಠದ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಲಿ. ಅದು ನೆಲದ ಆಕಾರದ ಪ್ರಶ್ನೆಯೇ, ಕಾಲದೊಂದಿಗೆ ಆದ ಬದಲಾವಣೆಯ ಪ್ರಶ್ನೆಯೇ, ಆ ಸ್ಥಳದಲ್ಲಿ ನಿಂತರೆ ಏನು ಕಾಣುತ್ತದೆ ಎಂಬ ಪ್ರಶ್ನೆಯೇ, ಅಥವಾ ಅಲ್ಲಿನ ಜನ ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆಯೇ? ಈ ನಾಲ್ಕರಲ್ಲಿ ಯಾವುದೆಂದು ಸ್ಪಷ್ಟವಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ನೆಲದ ಆಕಾರಕ್ಕೆ: ಗೂಗಲ್ ಅರ್ಥ್

2005ರಲ್ಲಿ ಬಂದ ಗೂಗಲ್ ಅರ್ಥ್ ಈಗ ಮೂರು ರೂಪಗಳಲ್ಲಿ ಸಿಗುತ್ತದೆ: ಬ್ರೌಸರಿನಲ್ಲಿ ತೆರೆಯುವ ವೆಬ್ ಆವೃತ್ತಿ, ಮೊಬೈಲ್ ಆ್ಯಪ್ ಮತ್ತು ಕಂಪ್ಯೂಟರಿನಲ್ಲಿ ಅಳವಡಿಸಿಕೊಳ್ಳುವ ಗೂಗಲ್ ಅರ್ಥ್ ಪ್ರೊ. ಮೊದಲು ಹಣ ಕೊಟ್ಟು ಕೊಳ್ಳಬೇಕಾಗಿದ್ದ ಪ್ರೊ ಆವೃತ್ತಿ 2015ರಿಂದ ಉಚಿತವಾಗಿದೆ. ಬರಿಯ ತೋರಿಕೆಗೆ ವೆಬ್ ಆವೃತ್ತಿ ಸಾಕು. ಪಾಠಕ್ಕೆ ಪ್ರೊ ಆವೃತ್ತಿಯನ್ನೇ ಆರಿಸಿಕೊಳ್ಳಿ ಎಂದು ಹೇಳುತ್ತೇನೆ, ಅದಕ್ಕೆ ಎರಡು ಕಾರಣಗಳಿವೆ. ಒಮ್ಮೆ ಇಂಟರ್‌ನೆಟ್ ಇರುವ ಕಡೆ ತೆರೆದು ನೋಡಿದ ಚಿತ್ರಗಳನ್ನು ಅದು ಕಂಪ್ಯೂಟರಿನಲ್ಲೇ ಉಳಿಸಿಕೊಳ್ಳುವುದರಿಂದ, ಮನೆಯಲ್ಲಿ ಹಿಂದಿನ ರಾತ್ರಿ ಪಾಠದ ದಾರಿಯನ್ನೆಲ್ಲ ನಿಧಾನವಾಗಿ ಒಮ್ಮೆ ಸುತ್ತಿ ಬಂದರೆ ಶಾಲೆಯಲ್ಲಿ ಸಂಪರ್ಕ ಕೈಕೊಟ್ಟಾಗಲೂ ಕೆಲಸ ನಡೆಯುತ್ತದೆ. ಎರಡನೆಯದು, ಅದರಲ್ಲಿ ಎಳೆದ ಯಾವುದೇ ಗೆರೆಯ ಉದ್ದಕ್ಕೂ ನೆಲದ ಏರಿಳಿತವನ್ನು ನಕ್ಷೆಯಾಗಿ ತೋರಿಸುವ ಸೌಲಭ್ಯ. ಭೂಗೋಳ ಶಿಕ್ಷಕರಿಗೆ ಇದಕ್ಕಿಂತ ಉಪಯುಕ್ತವಾದ ಸೌಲಭ್ಯ ಇಡೀ ತಂತ್ರಾಂಶದಲ್ಲಿ ಇನ್ನೊಂದಿಲ್ಲ.

ಪಶ್ಚಿಮ ಘಟ್ಟಗಳ ಪಾಠವನ್ನೇ ತೆಗೆದುಕೊಳ್ಳೋಣ. ಘಟ್ಟ ಎಂದರೆ ಎರಡೂ ಕಡೆ ಇಳಿಜಾರಿರುವ ಉದ್ದನೆಯ ಬೆಟ್ಟಸಾಲು ಎಂಬ ಕಲ್ಪನೆ ಮಕ್ಕಳಲ್ಲಿ ಬಲವಾಗಿರುತ್ತದೆ. ಅಡ್ಡಸೀಳಿಕೆಯ ಚಿತ್ರ ಬಿಡಿಸಲು ಹೇಳಿದರೆ ಬಹುತೇಕ ಎಲ್ಲರೂ ಗುಡಾರದ ಆಕಾರವನ್ನೇ ಬಿಡಿಸುತ್ತಾರೆ. ಉಡುಪಿಯ ಕಡಲತೀರದಿಂದ ಆಗುಂಬೆಗೆ, ಅಲ್ಲಿಂದ ಚಿತ್ರದುರ್ಗಕ್ಕೆ ಒಂದು ಗೆರೆಯೆಳೆದು ಏರಿಳಿತದ ನಕ್ಷೆಯನ್ನು ತೆರೆಯಿರಿ. ಮೊದಲ 40 ಕಿ.ಮೀ.ಯಲ್ಲಿ ನೆಲ ಬಹುಪಾಲು ತಗ್ಗಿನಲ್ಲೇ ಸಾಗಿ, ಕೊನೆಯಲ್ಲಿ ಒಮ್ಮೆಲೇ ಸುಮಾರು 640 ಮೀಟರಿಗೆ ಏರುತ್ತದೆ. ಆಮೇಲೆ ಅದು ಇನ್ನೊಂದು ಬದಿಗೆ ಇಳಿದುಹೋಗುವುದೇ ಇಲ್ಲ. ತುಂಗೆಯ ಬಯಲಿನಲ್ಲಿ ಸ್ವಲ್ಪ ತಗ್ಗಿ, 160 ಕಿ.ಮೀ. ಆಚೆಯ ಚಿತ್ರದುರ್ಗದಲ್ಲಿ ಆಗುಂಬೆಗಿಂತಲೂ ಎತ್ತರಕ್ಕೆ, ಸುಮಾರು 730 ಮೀಟರಿಗೆ ಮುಟ್ಟುತ್ತದೆ. ಘಟ್ಟ ಎಂಬುದು ಪ್ರಸ್ಥಭೂಮಿಯ ಪಶ್ಚಿಮದ ಅಂಚು, ಕರಾವಳಿಯಿಂದ ಹತ್ತಬೇಕಾದ ಮೆಟ್ಟಿಲು ಎಂಬುದು ಆ ಒಂದು ಗೆರೆಯಲ್ಲಿ ಕಣ್ಣಿಗೆ ಕಟ್ಟುತ್ತದೆ. ಇದರೊಂದಿಗೆ ಮಳೆಯ ಅಂಕಿಗಳನ್ನು ಕೊಟ್ಟರೆ ಪಾಠ ಇನ್ನೂ ಆಳವಾಗುತ್ತದೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ, ಅದಕ್ಕಿಂತ ಎತ್ತರದಲ್ಲಿರುವ ಚಿತ್ರದುರ್ಗಕ್ಕೆ ಸುಮಾರು 600 ಮಿ.ಮೀ. ಹಾಗಾದರೆ ಎತ್ತರವಿದ್ದಲ್ಲಿ ಮಳೆ ಹೆಚ್ಚು ಎಂಬ ಮಾತು ಅಷ್ಟಕ್ಕೇ ಸರಿಯಲ್ಲ, ತೇವ ಹೊತ್ತ ಗಾಳಿ ಎಲ್ಲಿ ಮೊದಲು ಮೇಲೇರಬೇಕಾಗುತ್ತದೆ ಎಂಬುದೇ ಮುಖ್ಯ ಎಂಬ ತೀರ್ಮಾನಕ್ಕೆ ಮಕ್ಕಳು ತಾವಾಗಿಯೇ ಬರುತ್ತಾರೆ. ಬೆಟ್ಟದ ಮರೆಯಲ್ಲಿ ಮಳೆ ಕಡಿಮೆಯಾಗುವುದನ್ನು ಸೂಚಿಸುವ ಮಳೆನೆರಳು ಎಂಬ ಪದವನ್ನು ಅಲ್ಲಿಯವರೆಗೆ ಹೇಳದೆ ಕಾದಿದ್ದು, ಆಗ ಹೇಳುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪರದೆಯ ಮೇಲಿನ ಆ ನಕ್ಷೆಯಲ್ಲಿ ಎತ್ತರವನ್ನು ಹಿಗ್ಗಿಸಿ ತೋರಿಸಲಾಗಿರುತ್ತದೆ. ಎರಡು ಮೀಟರ್ ಅಗಲದ ಕರಿಹಲಗೆಯ ಮೇಲೆ ಈ 200 ಕಿ.ಮೀ. ದೂರವನ್ನು ಎಳೆದರೆ ಒಂದು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಆಗುತ್ತದೆ, ಅದೇ ಅಳತೆಯಲ್ಲಿ ಆಗುಂಬೆಯ ಎತ್ತರ ಆರೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ, ಸೀಮೆಸುಣ್ಣದಿಂದ ಬಿಡಿಸಿ ತೋರಿಸಬೇಕು. ಭೂಮಿಯ ಉಬ್ಬುತಗ್ಗುಗಳು ಅದರ ವಿಸ್ತಾರದೆದುರು ಎಷ್ಟು ಕಿರಿದೆಂಬುದು ತಿಳಿಯುವುದು ಆ ಸಣ್ಣ ಗೆರೆಯಿಂದಲೇ. ಮೂರು ಆಯಾಮದ ನೋಟದಲ್ಲೂ ಬೆಟ್ಟಗಳನ್ನು ಹಿಗ್ಗಿಸುವ ಆಯ್ಕೆ ಪ್ರೊ ಆವೃತ್ತಿಯಲ್ಲಿದೆ. ಅದನ್ನು ಬಳಸಿದರೆ, ಬಳಸಿದ್ದೇವೆ ಎಂದು ಮಕ್ಕಳಿಗೆ ಹೇಳಲೇಬೇಕು.

ಮಳೆಗಾಲ ಕಾಣದಿರುವ ಕೊರತೆಗೆ ಪರಿಹಾರ ಬೇರೆ ಕಡೆ ಇದೆ. ನಾಸಾದ ವರ್ಲ್ಡ್‌ವ್ಯೂ ಎಂಬ ಉಚಿತ ಜಾಲತಾಣದಲ್ಲಿ 2000ದಿಂದ ಈಚಿನ ದಿನದಿನದ ಉಪಗ್ರಹ ಚಿತ್ರಗಳಿವೆ. ಅಲ್ಲಿ ಮೋಡಗಳನ್ನು ತೆಗೆದುಹಾಕಿರುವುದಿಲ್ಲ. ಒಂದು ಫೆಬ್ರುವರಿಯ ದಿನವನ್ನೂ ಒಂದು ಜುಲೈ ದಿನವನ್ನೂ ತೆರೆದು ಪಶ್ಚಿಮ ಕರಾವಳಿಯನ್ನು ಹೋಲಿಸಿದರೆ, ಮುಂಗಾರು ಎಂಬುದು ಊರಿನ ಮೇಲೆ ಸುರಿಯುವ ಮಳೆಯಷ್ಟೇ ಅಲ್ಲ, ಅರಬ್ಬಿ ಸಮುದ್ರದಿಂದ ನುಗ್ಗಿ ಬರುವ ಇಡೀ ವ್ಯವಸ್ಥೆ ಎಂಬುದು ಅರ್ಥವಾಗುತ್ತದೆ. ಅರ್ಥ್ ನಲ್‌ಸ್ಕೂಲ್ ಎಂಬ ಇನ್ನೊಂದು ತಾಣ ಗಾಳಿಯ ಚಲನೆಯನ್ನು ಹರಿಯುವ ಗೆರೆಗಳಾಗಿ ತೋರಿಸುತ್ತದೆ. ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಅದನ್ನು ಮಕ್ಕಳಿಗೆ ತೋರಿಸುವುದಕ್ಕಿಂತ ಸಕಾಲಿಕವಾದ ಭೂಗೋಳ ಪಾಠ ಬೇರಿಲ್ಲ.

ಬದಲಾವಣೆಯ ಪ್ರಶ್ನೆಗೆ: ಕಾಲದ ಚಿತ್ರಗಳು

ಗೂಗಲ್ ಅರ್ಥ್‌ನಲ್ಲಿ ಟೈಮ್‌ಲ್ಯಾಪ್ಸ್ ಎಂಬ ಭಾಗ 2021ರಲ್ಲಿ ಸೇರಿತು. 1984ರಿಂದ ವರ್ಷಕ್ಕೊಂದರಂತೆ ಜೋಡಿಸಿದ ಚಿತ್ರಗಳು ಅದರಲ್ಲಿ ಒಂದರ ಹಿಂದೊಂದು ಓಡುತ್ತವೆ. ದೊಡ್ಡ ಪ್ರಮಾಣದ ಬದಲಾವಣೆಗೆ ಇದರಷ್ಟು ಪರಿಣಾಮಕಾರಿಯಾದದ್ದು ಇಲ್ಲ. ಮಧ್ಯ ಏಷ್ಯಾದ ಅರಲ್ ಸಮುದ್ರ, ಅದರ ನದಿಗಳಾದ ಅಮು ದರ್ಯಾ ಮತ್ತು ಸಿರ್ ದರ್ಯಾಗಳ ನೀರನ್ನು ಹತ್ತಿಯ ಹೊಲಗಳಿಗೆ ತಿರುಗಿಸಿದ ಮೇಲೆ ಬತ್ತುತ್ತ ಹೋದದ್ದನ್ನು ಪಠ್ಯಪುಸ್ತಕ ಎರಡು ಸಾಲಿನಲ್ಲಿ ಹೇಳಬಹುದು. ಪರದೆಯ ಮೇಲೆ ಅದು ನಮ್ಮ ಕಣ್ಣೆದುರೇ ಕುಗ್ಗುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡುವವರಿಗೆ, 2005ರಲ್ಲಿ ಕೊಕ್‌ಅರಲ್ ಅಣೆಕಟ್ಟು ಪೂರ್ಣಗೊಂಡ ಮೇಲೆ ಉತ್ತರದ ಸಣ್ಣ ಭಾಗದಲ್ಲಿ ನೀರು ಮರಳಿ ಬಂದದ್ದೂ ಕಾಣುತ್ತದೆ. ನಮ್ಮ ರಾಜ್ಯದೊಳಗೆ ಇದಕ್ಕೆ ಹೊಂದುವ ಸ್ಥಳ ಸಂಡೂರು. ಹಸಿರು ಬೆಟ್ಟಗಳ ನಡುವೆ ಅದಿರಿನ ಗಣಿಗಳು ಕೆಂಪು ಗಾಯಗಳಂತೆ ಹರಡುವುದನ್ನು ನೋಡಿದ ಬಳಿಕ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ಏಕೆ ನಿಲ್ಲಿಸಬೇಕಾಯಿತು ಎಂಬ ಚರ್ಚೆಗೆ ಮಕ್ಕಳನ್ನು ಒತ್ತಾಯಿಸಬೇಕಾಗುವುದಿಲ್ಲ.

ಆದರೆ ಅದೇ ಉತ್ಸಾಹದಲ್ಲಿ ಊರ ಕೆರೆಯನ್ನು ಟೈಮ್‌ಲ್ಯಾಪ್ಸ್‌ನಲ್ಲಿ ಹುಡುಕಿದರೆ ನಿರಾಶೆಯಾಗುತ್ತದೆ. ಅದರ ಹಳೆಯ ಚಿತ್ರಗಳಿಗೆ ಮುಖ್ಯ ಆಧಾರವಾದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಒಂದೊಂದು ಚುಕ್ಕೆ 30 ಮೀಟರ್ ಉದ್ದ, 30 ಮೀಟರ್ ಅಗಲದ ನೆಲವನ್ನು ಪ್ರತಿನಿಧಿಸುತ್ತದೆ. ಒಂದು ಎಕರೆಗೆ ಬರುವುದು ನಾಲ್ಕೂವರೆ ಚುಕ್ಕೆ, ಹತ್ತು ಎಕರೆಯ ಕೆರೆಗೆ ನಲವತ್ತೈದು. ಜೊತೆಗೆ ಇಡೀ ವರ್ಷವನ್ನು ಒಂದೇ ಚಿತ್ರವಾಗಿಸಿರುವುದರಿಂದ ಕೆರೆ ತುಂಬಿದ್ದು ಯಾವಾಗ, ಬತ್ತಿದ್ದು ಯಾವಾಗ ಎಂಬುದೂ ತಿಳಿಯದು. ಸಣ್ಣ ಸ್ಥಳಗಳಿಗೆ ಗೂಗಲ್ ಅರ್ಥ್ ಪ್ರೊದಲ್ಲಿರುವ ಹಳೆಯ ಚಿತ್ರಗಳ ಪಟ್ಟಿಯೇ ಸರಿಯಾದ ಆಯ್ಕೆ. ಅಲ್ಲಿ ಪ್ರತಿ ಚಿತ್ರಕ್ಕೂ ದಿನಾಂಕವಿರುತ್ತದೆ, ಮನೆ, ರಸ್ತೆ, ತೋಟಗಳು ಬಿಡಿಬಿಡಿಯಾಗಿ ಕಾಣುತ್ತವೆ. ದಿನಾಂಕವನ್ನು ಓದಿ ಹೇಳುವ ಅಭ್ಯಾಸವನ್ನು ಮಕ್ಕಳಲ್ಲಿ ಮೊದಲ ದಿನದಿಂದಲೇ ಬೆಳೆಸಬೇಕು. ಮಾರ್ಚ್ ತಿಂಗಳ ಚಿತ್ರವನ್ನು ಇನ್ನೊಂದು ವರ್ಷದ ನವೆಂಬರ್ ಚಿತ್ರದೊಂದಿಗೆ ಹೋಲಿಸಿ ಕೆರೆ ಹಾಳಾಗಿದೆ ಎಂದು ತೀರ್ಮಾನಿಸುವ ತಪ್ಪನ್ನು ದೊಡ್ಡವರೂ ಮಾಡುತ್ತಾರೆ.

ಭುವನ್ ಯಾವಾಗ?

ಇಸ್ರೋದ ಭುವನ್ ತಾಣ 2009ರ ಆಗಸ್ಟ್‌ನಲ್ಲಿ ಆರಂಭವಾಯಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಅದನ್ನು ನಡೆಸುತ್ತದೆ. ಇದನ್ನು ಗೂಗಲ್ ಅರ್ಥ್‌ನ ಬದಲಿಯೆಂದು ನೋಡುವವರು ಸಾಮಾನ್ಯವಾಗಿ ಬೇಸರಪಡುತ್ತಾರೆ, ಏಕೆಂದರೆ ಸುತ್ತಾಡುವ ಸಲೀಸಿನಲ್ಲಿ ಎರಡಕ್ಕೂ ಹೋಲಿಕೆಯಿಲ್ಲ. ಭುವನ್‌ನ ಬಲ ಅದರ ವಿಷಯಾಧಾರಿತ ನಕ್ಷೆಗಳಲ್ಲಿದೆ. ಒಂದು ಜಿಲ್ಲೆಯ ಯಾವ ಭಾಗ ಕೃಷಿಭೂಮಿ, ಯಾವುದು ಅರಣ್ಯ, ಯಾವುದು ಪಾಳುಭೂಮಿ ಎಂದು ನಮ್ಮದೇ ಉಪಗ್ರಹಗಳ ದತ್ತಾಂಶದಿಂದ ವಿಂಗಡಿಸಿ ಬಣ್ಣ ಹಚ್ಚಿದ ಭೂಬಳಕೆಯ ನಕ್ಷೆಗಳು ಅಲ್ಲಿ ಸಿಗುತ್ತವೆ. ಗೂಗಲ್ ಅರ್ಥ್‌ನಲ್ಲಿ ಕಾಣುವ ಹಸಿರು ಬರಿಯ ಬಣ್ಣ. ಅದು ಏನು ಎಂದು ಯಾರೋ ನಿರ್ಧರಿಸಿ ಹೆಸರಿಟ್ಟಿರುವುದು ಭುವನ್‌ನಲ್ಲಿ. ಭೂಬಳಕೆ, ಮಣ್ಣು, ನೀರಾವರಿಯ ಪಾಠಗಳಿಗೆ ಭುವನ್ ಆರಿಸಿ, ಬೇಕಾದ ನಕ್ಷೆಯನ್ನು ಮುಂಚಿತವಾಗಿ ತೆರೆದು ಚಿತ್ರವಾಗಿ ಉಳಿಸಿಕೊಳ್ಳಿ. ತರಗತಿಯ ಎದುರು ಅದನ್ನು ಹುಡುಕುತ್ತ ಕೂರುವುದು ಅವಧಿಯನ್ನು ನುಂಗಿಹಾಕುತ್ತದೆ. ರೈತರ ಮಕ್ಕಳಿರುವ ತರಗತಿಯಲ್ಲಿ ಆರಂಭಕ್ಕೆ ಇನ್ನೊಂದು ಸುಲಭ ದಾರಿಯಿದೆ. ಜಮೀನಿನ ಸರ್ವೆ ನಂಬರ್ ನೋಡಲು ಮನೆಯವರು ಬಳಸುವ ದಿಶಾಂಕ್ ಆ್ಯಪನ್ನು ಹಲವರು ನೋಡಿರುತ್ತಾರೆ. ನಕ್ಷೆಯ ಮೇಲೆ ಪದರಗಳನ್ನು ಹೊದಿಸುವುದೆಂದರೇನು ಎಂಬುದನ್ನು ಅದರಿಂದಲೇ ವಿವರಿಸಬಹುದು.

ಅಲ್ಲಿ ನಿಂತಂತೆ ನೋಡಲು: 360 ಡಿಗ್ರಿ ಚಿತ್ರಗಳು

ಮೇಲಿನಿಂದ ನೋಡುವ ಕಣ್ಣಿಗೆ ಬಂಡೆಯ ಪದರಗಳು ಕಾಣುವುದಿಲ್ಲ. ಅದಕ್ಕೆ ನೆಲದ ಮೇಲೆ ನಿಂತು ಸುತ್ತಲೂ ತಿರುಗಿ ನೋಡುವಂಥ ಚಿತ್ರಗಳು ಬೇಕು. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನ ಕಾಲುದಾರಿಗಳನ್ನು ಬೆನ್ನಿಗೆ ಕ್ಯಾಮೆರಾ ಕಟ್ಟಿಕೊಂಡು ನಡೆದು ಚಿತ್ರೀಕರಿಸಿದ ಸ್ಟ್ರೀಟ್ ವ್ಯೂ, ಅಂದರೆ ಗೂಗಲ್ ನಕ್ಷೆಯಲ್ಲಿ ತೆರೆಯುವ ಇಂಥ 360 ಡಿಗ್ರಿ ಚಿತ್ರಗಳ ಸರಣಿ, 2013ರಿಂದ ಲಭ್ಯವಿದೆ. ಬ್ರೈಟ್ ಏಂಜೆಲ್ ಕಾಲುದಾರಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಹೆಜ್ಜೆ ಇಳಿಯುತ್ತ ಹೋದರೆ, ಸುಮಾರು 27 ಕೋಟಿ ವರ್ಷ ಹಳೆಯ ಸುಣ್ಣಕಲ್ಲಿನಿಂದ ಆರಂಭಿಸಿ ತಳದಲ್ಲಿ 170 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳವರೆಗೆ ಬಣ್ಣ ಬದಲಿಸುತ್ತ ಹೋಗುವ ಪದರಗಳು ಎದುರಾಗುತ್ತವೆ. ನದಿಯ ಸವೆತ, ಶಿಲೆಯ ಗಡಸುತನ, ಕಾಲದ ಅಗಾಧತೆ ಮೂರನ್ನೂ ಒಂದೇ ದಾರಿಯಲ್ಲಿ ಕಲಿಸಬಹುದಾದ ಅಪರೂಪದ ಸ್ಥಳವಿದು. ಅಲ್ಲಿಂದ ಹೊರಬಂದ ಮೇಲೆ ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಚಿತ್ರವನ್ನು ತೆರೆದು, ನಾವು ಸಂಜೆ ಗಾಳಿಸೇವನೆಗೆ ಹತ್ತುವ ಈ ನೈಸ್ (gneiss) ಎಂಬ ರೂಪಾಂತರ ಶಿಲೆ ಸುಮಾರು 300 ಕೋಟಿ ವರ್ಷ ಹಳೆಯದು, ಗ್ರ್ಯಾಂಡ್ ಕ್ಯಾನಿಯನ್ನಿನ ತಳಕ್ಕಿಂತಲೂ ಬಹಳ ಹಿಂದಿನದು ಎಂದು ಹೇಳಿದಾಗ ತರಗತಿಯಲ್ಲಿ ಉಂಟಾಗುವ ಮೌನವನ್ನು ನಾನು ಪ್ರತಿ ವರ್ಷ ಎದುರುನೋಡುತ್ತೇನೆ.

ಭಾರತದಲ್ಲಿ ಸ್ಟ್ರೀಟ್ ವ್ಯೂ 2022ರ ಜುಲೈನಲ್ಲಿ ಬೆಂಗಳೂರು ಸೇರಿದಂತೆ ಹತ್ತು ನಗರಗಳೊಂದಿಗೆ ಮತ್ತೆ ಆರಂಭವಾಯಿತು. ನಗರ ಭೂಗೋಳದ ಪಾಠಕ್ಕೆ ಅದು ಚೆನ್ನಾಗಿ ಒದಗುತ್ತದೆ. ಹಳೆಯ ಪೇಟೆಯ ಬೀದಿ, ಕೈಗಾರಿಕಾ ಪ್ರದೇಶ, ಹೊಸ ಬಡಾವಣೆ ಮೂರರಲ್ಲೂ ನಿಂತು ರಸ್ತೆಯ ಅಗಲ, ಕಟ್ಟಡಗಳ ಬಳಕೆ, ಮರಗಳನ್ನು ಎಣಿಸುವ ಕೆಲಸವನ್ನು ಗುಂಪುಗಳಿಗೆ ಕೊಡಬಹುದು. ಘಟ್ಟ, ಕರಾವಳಿಯ ಭೂಸ್ವರೂಪಗಳಿಗೆ ಪ್ರವಾಸಿಗರು ಸೇರಿಸಿದ ಬಿಡಿ ಚಿತ್ರಗಳನ್ನು ಅವಲಂಬಿಸಬೇಕು. ಮಲ್ಪೆಯ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಳಂಥ ಲಾವಾ ಶಿಲೆಗಳು ಇದಕ್ಕೆ ಯೋಗ್ಯ. ಮಳೆಗಾಲದಲ್ಲಿ ಅಲ್ಲಿಗೆ ದೋಣಿಗಳು ಹೋಗುವುದಿಲ್ಲವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿರದ ಶಾಲೆಗಳಿಗೂ ಪರದೆಯೇ ಗತಿ. ಇಂಥ ಬಿಡಿ ಚಿತ್ರಗಳಲ್ಲಿ ಅಳತೆಯ ಅಂದಾಜು ಸಿಗುವುದಿಲ್ಲ. ಚೌಕಟ್ಟಿನಲ್ಲಿ ಒಬ್ಬ ಮನುಷ್ಯ ನಿಂತಿರುವ ಚಿತ್ರವನ್ನೇ ಆರಿಸಿಕೊಂಡರೆ ಮಕ್ಕಳು ಅವನ ಎತ್ತರದಿಂದ ಕಂಬದ ಎತ್ತರವನ್ನು ಲೆಕ್ಕ ಹಾಕುತ್ತಾರೆ.

ದಾಖಲಿತ ವಿಡಿಯೊ

ಇದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು, ಕನ್ನಡದ ನಿರೂಪಣೆ ಸಿಗಬಹುದು, ಚಲನೆಯಿರುವ ಸಂಗತಿಗಳಿಗೆ, ಅಂದರೆ ಜಲಪಾತ, ಅಲೆ, ಜ್ವಾಲಾಮುಖಿ, ಪ್ರವಾಹಕ್ಕೆ, ಅದೇ ಸರಿ. ಅದರ ದೋಷವೆಂದರೆ ಎಲ್ಲಿ ನೋಡಬೇಕೆಂಬುದನ್ನು ಕ್ಯಾಮೆರಾ ಹಿಡಿದವರು ಮೊದಲೇ ನಿರ್ಧರಿಸಿಬಿಟ್ಟಿರುತ್ತಾರೆ, ಮಕ್ಕಳು ಪ್ರೇಕ್ಷಕರಾಗಿ ಉಳಿಯುತ್ತಾರೆ. ಅರ್ಧ ಗಂಟೆಯ ವಿಡಿಯೊ ಹಾಕಿ ಹಿಂದೆ ಕುಳಿತುಕೊಳ್ಳುವುದನ್ನು ಕ್ಷೇತ್ರ ಭೇಟಿ ಎನ್ನಲಾಗದು. ಮೂರು ನಾಲ್ಕು ನಿಮಿಷದ ತುಣುಕನ್ನು ಮೊದಲು ಧ್ವನಿಯಿಲ್ಲದೆ ತೋರಿಸಿ, ನಡುವೆ ನಿಲ್ಲಿಸಿ, ಕಂಡದ್ದನ್ನು ಬರೆಸಿ, ಆಮೇಲೆ ನಿರೂಪಣೆಯೊಂದಿಗೆ ಮತ್ತೊಮ್ಮೆ ತೋರಿಸುವ ಕ್ರಮ ಫಲ ಕೊಡುತ್ತದೆ.

ಜನಜೀವನದ ಪ್ರಶ್ನೆಗೆ: ನೇರ ವಿಡಿಯೊ ಕರೆ

ಎಲ್ಲ ಆಯ್ಕೆಗಳಲ್ಲಿ ಅತಿ ಕಡಿಮೆ ಬಳಕೆಯಾಗುವ, ಆದರೆ ನನ್ನ ಮಟ್ಟಿಗೆ ಅತಿ ಹೆಚ್ಚು ಕಲಿಸುವ ಆಯ್ಕೆಯಿದು. ಆ ಸ್ಥಳದಲ್ಲಿರುವ ಒಬ್ಬ ವ್ಯಕ್ತಿ ಮೊಬೈಲ್ ಹಿಡಿದು ನಡೆಯುತ್ತಾರೆ, ತರಗತಿ ಪ್ರಶ್ನೆ ಕೇಳುತ್ತದೆ. ಬೇಕಾಗುವುದು ಎರಡು ಮೊಬೈಲ್, ಒಂದು ಪ್ರೊಜೆಕ್ಟರ್ ಅಥವಾ ದೊಡ್ಡ ಟಿ.ವಿ., ಮತ್ತು ಒಳ್ಳೆಯ ಸ್ಪೀಕರ್ ಮಾತ್ರ.

ಕೊಡಗಿನ ಉದಾಹರಣೆ ಇದರ ಅಗತ್ಯವನ್ನು ಚೆನ್ನಾಗಿ ತೋರಿಸುತ್ತದೆ. ಉಪಗ್ರಹ ಚಿತ್ರದಲ್ಲಿ ಕೊಡಗಿನ ಬಹುಭಾಗ ದಟ್ಟ ಕಾಡಿನಂತೆ ಕಾಣುತ್ತದೆ, ಇದು ಅರಣ್ಯ ಎಂದು ಮಕ್ಕಳು ಖಚಿತವಾಗಿ ಹೇಳುತ್ತಾರೆ. ಅದರಲ್ಲಿ ಬಹಳಷ್ಟು ಭಾಗ ಕಾಫಿ ತೋಟ. ನೆರಳಿಗಾಗಿ ಬಿಟ್ಟ ದೊಡ್ಡ ಮರಗಳು, ಸಿಲ್ವರ್ ಓಕ್‌ಗಳು ಮೇಲಿನ ಹಸಿರನ್ನು ತುಂಬಿರುವುದರಿಂದ ಕೆಳಗಿನ ಕಾಫಿ ಗಿಡ ಉಪಗ್ರಹದ ಕಣ್ಣಿಗೆ ಬೀಳುವುದಿಲ್ಲ. ಅದೇ ಹೊತ್ತಿಗೆ ತೋಟದಲ್ಲಿ ಕೆಲಸ ಮಾಡುವ ಒಬ್ಬರು ಕರೆಯಲ್ಲಿ ಬಂದು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನೂ ಹಣ್ಣು ಬಿಡಿಸುವ ಕೈಗಳನ್ನೂ ತೋರಿಸಿ, ಕೊಯ್ಲಿಗೆ ಆಳುಗಳು ಎಲ್ಲಿಂದ ಬರುತ್ತಾರೆ, ಕಾಫಿ ಹೂ ಅರಳಲು ಬೇಕಾದ ಹೂವಿನ ಮಳೆ ತಪ್ಪಿದರೆ ಏನಾಗುತ್ತದೆ ಎಂದು ತಮ್ಮ ಮಾತಿನಲ್ಲಿ ಹೇಳಿದರೆ, ಮೇಲಿನಿಂದ ಕಂಡದ್ದಕ್ಕೂ ಕೆಳಗಿನ ಬದುಕಿಗೂ ಇರುವ ಅಂತರ ಮನದಟ್ಟಾಗುತ್ತದೆ. ಈ ಎರಡನ್ನೂ ಒಂದೇ ಅವಧಿಯಲ್ಲಿ ಜೋಡಿಸುವುದನ್ನು ನಾನು ಬಲವಾಗಿ ಶಿಫಾರಸು ಮಾಡುತ್ತೇನೆ.

ಭಾಷೆಯ ವಿಚಾರವನ್ನೂ ಇಲ್ಲಿ ಹೇಳಬೇಕು. ವಿದೇಶದ ವಸ್ತುಸಂಗ್ರಹಾಲಯಗಳೂ ಉದ್ಯಾನಗಳೂ ನಡೆಸುವ ನೇರ ಕಾರ್ಯಕ್ರಮಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದ ಮಗು ಅಲ್ಲಿ ಪ್ರಶ್ನೆ ಕೇಳಲು ಹಿಂಜರಿಯುತ್ತದೆ, ಪ್ರಶ್ನೆ ಕೇಳದಿದ್ದರೆ ನೇರ ಕರೆಗೆ ಅರ್ಥವಿಲ್ಲ. ಹೊರದೇಶಗಳಲ್ಲಿರುವ ಕನ್ನಡಿಗರು ಈ ಕೊರತೆಯನ್ನು ತುಂಬಬಲ್ಲರು. ಕರಾವಳಿಯ ಎಷ್ಟೋ ಊರುಗಳಲ್ಲಿ ಕೊಲ್ಲಿ ದೇಶಗಳಿಗೆ ಯಾರೂ ಹೋಗದ ಮನೆ ಸಿಗುವುದು ಕಷ್ಟ. ದುಬೈನಲ್ಲಿರುವ ಒಬ್ಬ ಹಳೆಯ ವಿದ್ಯಾರ್ಥಿ ಹದಿನೈದು ನಿಮಿಷ ಕೊಟ್ಟರೆ ಮರುಭೂಮಿಯ ಹವಾಮಾನ, ಸಮುದ್ರದ ನೀರನ್ನು ಸಿಹಿನೀರಾಗಿಸುವ ವ್ಯವಸ್ಥೆ, ವಲಸೆ ಮೂರನ್ನೂ ಮಾತನಾಡಿಸಬಹುದು. ರೇಖಾಂಶ ಮತ್ತು ಕಾಲದ ಪಾಠಕ್ಕೂ ಇದರಷ್ಟು ಒಳ್ಳೆಯ ಆರಂಭವಿಲ್ಲ. ನಮ್ಮಲ್ಲಿ ಬೆಳಿಗ್ಗೆ ಹತ್ತೂವರೆ ಆಗಿರುವಾಗ ಅವರ ಗಡಿಯಾರದಲ್ಲಿ ಒಂಬತ್ತು ಗಂಟೆ. ನಮ್ಮ ಪ್ರಮಾಣಿತ ರೇಖಾಂಶ 82½ ಡಿಗ್ರಿ ಪೂರ್ವ, ಅವರ ಕಾಲಮಾನಕ್ಕೆ ಆಧಾರವಾದದ್ದು 60 ಡಿಗ್ರಿ ಪೂರ್ವ. ನಡುವಿನ 22½ ಡಿಗ್ರಿಯನ್ನು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಸರಿಯಾಗಿ 90 ನಿಮಿಷ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವವರು ಅದೇ ಹೊತ್ತಿಗೆ ಕರೆಯಲ್ಲಿ ಸೇರಿದರೆ ಅವರ ಕಿಟಕಿಯಾಚೆ ಹಿಂದಿನ ದಿನದ ರಾತ್ರಿ ಇರುತ್ತದೆ.

ಈ ಕ್ರಮಕ್ಕೆ ಸಿದ್ಧತೆ ಹೆಚ್ಚು ಬೇಕು. ಪ್ರಶ್ನೆಗಳನ್ನು ಹಿಂದಿನ ದಿನವೇ ಮಕ್ಕಳಿಂದ ಬರೆಸಿ, ಒಂದೇ ಅರ್ಥದವನ್ನು ಸೇರಿಸಿ, ಎಂಟು ಹತ್ತಕ್ಕೆ ಇಳಿಸಿ, ಅತ್ತ ಕಡೆಯವರಿಗೆ ಕಳುಹಿಸಿಕೊಡಬೇಕು. ಸಂಪರ್ಕ ಕಡಿದುಹೋಗುವ ಸಂಭವ ಯಾವಾಗಲೂ ಇರುವುದರಿಂದ ಅವರಿಂದ ಮೊದಲೇ ಐದಾರು ಫೋಟೊಗಳನ್ನೂ ಒಂದು ಸಣ್ಣ ವಿಡಿಯೊವನ್ನೂ ತರಿಸಿಟ್ಟುಕೊಂಡಿರಬೇಕು. ಮಕ್ಕಳ ಮುಖಗಳು ದಾಖಲಾಗದಂತೆ ನೋಡಿಕೊಳ್ಳುವುದು ಮತ್ತು ಮುಖ್ಯೋಪಾಧ್ಯಾಯರ ಅನುಮತಿ ಪಡೆಯುವುದು ಶಿಕ್ಷಕರ ಹೊಣೆ.

ವಿ.ಆರ್. ಕನ್ನಡಕಕ್ಕೆ ಹಣ ಹಾಕಬೇಕೇ?

ಹಾಕಿಕೊಂಡರೆ ಆ ಸ್ಥಳದೊಳಗೇ ನಿಂತಂತೆ ತೋರಿಸುವ ವಿ.ಆರ್. (ವರ್ಚುವಲ್ ರಿಯಾಲಿಟಿ) ಕನ್ನಡಕ ಸಾಮಾನ್ಯ ಪ್ರೌಢಶಾಲೆಗೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಐವತ್ತು ಮಕ್ಕಳ ತರಗತಿಗೆ ಹತ್ತು ಕನ್ನಡಕಗಳಿದ್ದರೂ 40 ನಿಮಿಷದ ಅವಧಿಯಲ್ಲಿ ಐದು ಸರದಿ, ಸರದಿಗೆ ಎಂಟು ನಿಮಿಷ. ಹಾಕಿಕೊಳ್ಳುವುದು, ಸರಿಹೊಂದಿಸುವುದು ಕಳೆದರೆ ಉಳಿಯುವುದು ಐದೇ ನಿಮಿಷ. ಆ ಐದು ನಿಮಿಷದಲ್ಲಿ ಮಗು ಏನು ನೋಡುತ್ತಿದೆ ಎಂಬುದು ಶಿಕ್ಷಕರಿಗೆ ಕಾಣುವುದಿಲ್ಲ, ಮಗುವಿಗೆ ಟಿಪ್ಪಣಿ ಬರೆಯಲೂ ಆಗುವುದಿಲ್ಲ, ಕೆಲವರಿಗೆ ತಲೆಸುತ್ತು ಬರುತ್ತದೆ. ಕಂದಕದ ಆಳ, ಗುಹೆಯ ವಿಸ್ತಾರ ಮೈಗೆ ತಟ್ಟುವಂತೆ ಮಾಡುವ ಶಕ್ತಿ ಅದಕ್ಕಿದೆ ಎಂಬುದು ನಿಜ. ಯಾರಾದರೂ ತಂದು ತೋರಿಸುವುದಾದರೆ ಬೇಡವೆನ್ನಬೇಕಿಲ್ಲ. ಶಾಲೆಯ ಹಣದಲ್ಲಾದರೆ ಅದೇ ಮೊತ್ತಕ್ಕೆ ಒಳ್ಳೆಯ ಪ್ರೊಜೆಕ್ಟರ್, ಸ್ಪೀಕರ್, ಕರೆಂಟು ಹೋದಾಗ ನಡೆಸಲು ಯು.ಪಿ.ಎಸ್. ಕೊಳ್ಳುವುದು ಮೇಲು. ತರಗತಿಗಳಿಗಾಗಿಯೇ ರೂಪಿಸಿದ್ದ ಗೂಗಲ್ ಎಕ್ಸ್‌ಪೆಡಿಷನ್ಸ್ ಆ್ಯಪ್ 2021ರ ಜೂನ್‌ನಲ್ಲಿ ಮುಚ್ಚಿಹೋದದ್ದನ್ನೂ ನೆನಪಿನಲ್ಲಿಡಬೇಕು. ಇಡೀ ವರ್ಷದ ಪಾಠಯೋಜನೆಯನ್ನು ಒಂದೇ ಸಂಸ್ಥೆಯ ಒಂದೇ ಆ್ಯಪ್‌ನ ಮೇಲೆ ಕಟ್ಟಬಾರದು. ಮುಖ್ಯವಾದ ಚಿತ್ರಗಳನ್ನು ಶಾಲೆಯ ಕಂಪ್ಯೂಟರಿನಲ್ಲಿ ಉಳಿಸಿಟ್ಟುಕೊಳ್ಳಬೇಕು.

ನಿಮ್ಮ ಶಾಲೆಯ ಸ್ಥಿತಿಗೆ ತಕ್ಕಂತೆ

ಒಳ್ಳೆಯ ಸಂಪರ್ಕ ಮತ್ತು ಕಂಪ್ಯೂಟರ್ ಕೊಠಡಿ ಇರುವ ಶಾಲೆಯಲ್ಲಿ ಮಕ್ಕಳೇ ಗುಂಪುಗುಂಪಾಗಿ ಗೂಗಲ್ ಅರ್ಥ್‌ನಲ್ಲಿ ಅಳೆಯಲಿ, ಗೆರೆ ಎಳೆಯಲಿ. ಶಿಕ್ಷಕರು ತೋರಿಸುವುದಕ್ಕಿಂತ ಅದು ಎಷ್ಟೋ ಉತ್ತಮ. ಒಂದೇ ಪ್ರೊಜೆಕ್ಟರ್ ಮತ್ತು ಮೊಬೈಲಿನ ಹಾಟ್‌ಸ್ಪಾಟ್ ಇರುವಲ್ಲಿ ಮೊದಲೇ ಉಳಿಸಿಟ್ಟ ಗೂಗಲ್ ಅರ್ಥ್ ಪ್ರೊ, ಒಂದು ಸಣ್ಣ ವಿಡಿಯೊ, ತಿಂಗಳಿಗೊಮ್ಮೆ ಒಂದು ನೇರ ಕರೆ ಸಾಕು. ಯಾವುದನ್ನೇ ಆರಿಸಿದರೂ ನೋಡುವ ಮೊದಲು ಮಕ್ಕಳು ತಮ್ಮ ಊಹೆಯನ್ನು ಚಿತ್ರವಾಗಿ ಬಿಡಿಸಿರಬೇಕು. ನೋಡಿದ ಮೇಲೆ ಅದೇ ಹಾಳೆಯಲ್ಲಿ ಬೇರೆ ಬಣ್ಣದಿಂದ ತಿದ್ದಬೇಕು. ತಿದ್ದಿದ ಗೆರೆಗಳನ್ನು ನೋಡಿದರೆ ಯಾರು ಏನು ಕಲಿತರೆಂಬುದು ಪರೀಕ್ಷೆಯಿಲ್ಲದೆ ಗೊತ್ತಾಗುತ್ತದೆ.

ಪ್ರವಾಸದ ಶುಲ್ಕ ಕೊಡಲಾಗದ, ರಾತ್ರಿ ಹೊರಗುಳಿಯಲು ಮನೆಯವರು ಬಿಡದ, ನಡೆಯಲು ಕಷ್ಟವಿರುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಬಸ್ಸು ಹೊರಟ ದಿನ ಅವರು ಮನೆಯಲ್ಲಿ ಉಳಿಯುವುದನ್ನು ನೋಡಿದವರಿಗೆ, ಪರದೆಯ ಮುಂದೆ ಎಲ್ಲರೂ ಒಂದೇ ಸ್ಥಳಕ್ಕೆ ಹೋಗಿಬರುವ ಈ ಅವಧಿಗಳ ಬೆಲೆ ವಿವರಿಸಬೇಕಾಗಿಲ್ಲ. ಇದೇ ಕಾರಣಕ್ಕೆ ಪ್ರವಾಸಕ್ಕೆ ಹೋಗಲಿರುವ ಸ್ಥಳವನ್ನು ಹೊರಡುವ ವಾರ ಮೊದಲೇ ಇಡೀ ತರಗತಿಗೆ ಪರದೆಯಲ್ಲಿ ತೋರಿಸಬೇಕು ಎನ್ನುತ್ತೇನೆ. ಹೋಗುವವರ ನೋಟ ಹರಿತವಾಗುತ್ತದೆ, ಉಳಿದವರು ಮರುದಿನದ ಮಾತುಕತೆಯಿಂದ ಹೊರಗುಳಿಯುವುದಿಲ್ಲ.

ಇಂಟರ್‌ನೆಟ್ಟೂ ಇಲ್ಲ, ಪ್ರೊಜೆಕ್ಟರೂ ಇಲ್ಲ ಎನ್ನುವ ಶಾಲೆಗೆ ಉಳಿಯುವ ದಾರಿ ಮುದ್ರಿತ ಚಿತ್ರ, ಅದು ಎರಡನೇ ದರ್ಜೆಯದೇನಲ್ಲ. ಊರ ಕೆರೆಯ ಇತ್ತೀಚಿನ ಉಪಗ್ರಹ ಚಿತ್ರವನ್ನು ಹತ್ತಿರದ ಪಟ್ಟಣದಲ್ಲಿ ದೊಡ್ಡ ಹಾಳೆಗೆ ಮುದ್ರಿಸಿ ತಂದು, ಐವರ ಗುಂಪಿಗೆ ಒಂದರಂತೆ ಹಂಚಿ. ಅದರ ಜೊತೆಗೆ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್ ಅಳತೆಯ ಟೋಪೋಶೀಟಿನ, ಅಂದರೆ ನೆಲದ ಏರಿಳಿತ, ಹಳ್ಳ, ರಸ್ತೆಗಳನ್ನು ಗುರುತಿಸಿದ ವಿವರವಾದ ನಕ್ಷೆಯ, ಆ ಭಾಗವನ್ನೂ ಇಡಿ. ತರಗತಿಯಲ್ಲಿ ಏರಿ ಯಾವುದು, ನೀರು ಯಾವ ಕಡೆಯಿಂದ ಬರುತ್ತದೆ, ಅಚ್ಚುಕಟ್ಟು ಎಲ್ಲಿಯವರೆಗೆ ಇರಬಹುದು ಎಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಗುರುತಿಸಲಿ. ಮರುದಿನ ಅದೇ ಹಾಳೆಗಳನ್ನು ಹಿಡಿದು ಕೆರೆಗೆ ನಡೆದು ಹೋಗಿ. ಏರಿಯ ಮೇಲೆ ನಿಂತು ತೂಬು ಎಲ್ಲಿದೆ, ಕೋಡಿ ಎಲ್ಲಿದೆ, ಕಾಲುವೆ ಎಲ್ಲಿ ಹೂತುಹೋಗಿದೆ ಎಂದು ಹುಡುಕಿ, ಚಿತ್ರದಲ್ಲಿ ಕಾಣದಿದ್ದ ಪ್ರತಿಯೊಂದನ್ನೂ ಅವರೇ ಶಾಯಿಯಿಂದ ಗುರುತು ಹಾಕಿ ಹೆಸರು ಬರೆಯಲಿ.